ಸಮವಾದದ್ದೆಲ್ಲ ಒಂದೇ ಅಲ್ಲ

ನಿಮ್ಮ ಕೈಯಲ್ಲೊಂದು ನೂರು ರೂಪಾಯಿ ನೋಟು, ತಂಗಿಯ ಕೈಯಲ್ಲಿ ಇನ್ನೊಂದು. ಎರಡೂ ಒಂದೇ ಏನು? ಅಂಗಡಿಯವರು ಹೌದೆನ್ನುತ್ತಾರೆ, ಅವರಿಗೆ ಬೇಕಾದದ್ದು ಬೆಲೆ. ನೋಟಿನ ಮೇಲಿನ ನಂಬರು ನೋಡುವವರು ಅಲ್ಲ ಎನ್ನುತ್ತಾರೆ. ಇಬ್ಬರ ಉತ್ತರವೂ ಸರಿ. ಪ್ರಶ್ನೆ ಮಾತ್ರ ಬೇರೆ.

ಜಾವಾ ಭಾಷೆಯಲ್ಲೂ ಹೀಗೆಯೇ. ಎರಡು ಆಬ್ಜೆಕ್ಟ್‌ಗಳ ನಡುವೆ == ಚಿಹ್ನೆ ಹಾಕಿದರೆ ‘ಮೆಮೊರಿಯಲ್ಲಿ ಇವು ಅದೇ ಒಂದು ವಸ್ತುವೆ?’ ಎಂದು ಕೇಳಿದ ಹಾಗೆ. ‘ಈಕ್ವಲ್ಸ್’ ಎಂಬ ಮೆಥಡ್ ಬಳಸಿದರೆ ‘ಇವುಗಳ ಬೆಲೆ ಸಮವೆ?’ ಎಂದು ಕೇಳಿದ ಹಾಗೆ.

2004ರಲ್ಲಿ ಜಾವಾಕ್ಕೆ ‘ಜೆನೆರಿಕ್ಸ್’ ಸೌಲಭ್ಯ ಬಂತು. ಯಾವ ಬಗೆಯ ದತ್ತಾಂಶ ಎಂದು ಮೊದಲೇ ಹೇಳದೆ, ಆ ಜಾಗದಲ್ಲಿ ‘ಟಿ’ ಎಂಬ ಅಕ್ಷರವಿಟ್ಟು, ಒಮ್ಮೆ ಬರೆದ ಪ್ರೋಗ್ರಾಮನ್ನು ಹೆಸರಿಗೂ ಅಂಕಿಗೂ ಬಳಸಬಹುದು. ಅನುಕೂಲದ ಜೊತೆಗೊಂದು ಗುಂಡಿಯೂ ಇದೆ.

ವಿದ್ಯಾರ್ಥಿನಿಯೊಬ್ಬಳು ಎರಡು ‘ಟಿ’ಗಳನ್ನು == ಬಳಸಿ ಹೋಲಿಸುವ ಪ್ರೋಗ್ರಾಂ ಬರೆದಳೆನ್ನೋಣ. ಗಣಿತದಲ್ಲಿ ಇಬ್ಬರಿಗೂ 87 ಅಂಕ. ‘ಸಮ’ ಎಂಬ ಉತ್ತರ ಬಂತು. ಎಸ್ಸೆಸ್ಸೆಲ್ಸಿಯ ಒಟ್ಟು 625ರಲ್ಲಿ ಇಬ್ಬರಿಗೂ 540. ಈಗ ‘ಸಮವಲ್ಲ’! ಒಂದೇ ಸ್ಥಾನ ಹಂಚಿಕೊಳ್ಳಬೇಕಾದ ಇಬ್ಬರಲ್ಲಿ ಒಬ್ಬರು ಕೆಳಗಿಳಿದರು. ತಪ್ಪಾಗಿದೆಯೆಂದು ಕಂಪ್ಯೂಟರ್ ಎಚ್ಚರಿಸುವುದೂ ಇಲ್ಲ.

ಕಾರಣ ಇಷ್ಟು. ‘ಟಿ’ಯ ಜಾಗಕ್ಕೆ ಹೋಗುವ ಪೂರ್ಣಾಂಕವನ್ನು ಜಾವಾ ‘ಇಂಟಿಜರ್’ ಎಂಬ ಆಬ್ಜೆಕ್ಟ್‌ನೊಳಗೆ ಇಡುತ್ತದೆ. -128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನು ಮೊದಲೇ ಸಿದ್ಧಪಡಿಸಿ, ಕೇಳಿದಾಗಲೆಲ್ಲ ಅದನ್ನೇ ಕೊಡುತ್ತದೆ. ಅದರಾಚೆಗೆ ಸಾಮಾನ್ಯವಾಗಿ ಪ್ರತಿ ಸಲವೂ ಹೊಸದು. ಹೀಗಾಗಿ 87 ಎರಡು ಕಡೆಯೂ ಅದೇ ವಸ್ತು. 540 ಮಾತ್ರ ಬೆಲೆ ಸಮವಾದರೂ ಎರಡು ವಸ್ತು.

ಪರಿಹಾರ ಸುಲಭ. ಒಳಗಿರುವುದು ಯಾವ ಬಗೆಯದೆಂದು ನಮಗೆ ತಿಳಿಯದಿರುವಾಗ, ಹೋಲಿಕೆಯ ಕೆಲಸವನ್ನು ಅದಕ್ಕೇ ಬಿಡಬೇಕು. ಅಂದರೆ ‘ಈಕ್ವಲ್ಸ್’ ಬಳಸಬೇಕು. ಏನೂ ಇಲ್ಲದ ‘ನಲ್’ ಬರುವ ಸಂಭವವಿದ್ದರೆ, 2011ರಲ್ಲಿ ಸೇರಿದ ‘ಆಬ್ಜೆಕ್ಟ್ಸ್.ಈಕ್ವಲ್ಸ್’ ಕ್ಷೇಮ. ನೀವೇ ‘ವಿದ್ಯಾರ್ಥಿ’ಯಂಥ ಕ್ಲಾಸ್ ರಚಿಸಿದರೆ, ಅದರಲ್ಲಿ ಸಮ ಎಂದರೇನೆಂದು ನೀವೇ ಬರೆದುಕೊಡಬೇಕು; ಇಲ್ಲವಾದರೆ ‘ಈಕ್ವಲ್ಸ್’ ಕೂಡ == ಹಾಗೆಯೇ ವರ್ತಿಸುತ್ತದೆ. ಜೊತೆಗೆ ‘ಹ್ಯಾಶ್‌ಕೋಡ್’ ಮೆಥಡ್ಡನ್ನೂ ಬರೆಯುವುದನ್ನು ಮರೆಯಬೇಡಿ.

ತಂದೆತಾಯಂದಿರಿಗೆ ಒಂದು ಮಾತು: ಮಗು ‘ಪ್ರೋಗ್ರಾಂ ಸರಿಯಾಗಿ ಓಡಿತು’ ಎಂದಾಗ ಬೆನ್ನು ತಟ್ಟಿ. ಆಮೇಲೆ ‘ದೊಡ್ಡ ಅಂಕಿ ಕೊಟ್ಟು ನೋಡಿದೆಯಾ?’ ಎಂದೂ ಕೇಳಿ. ಆ ಪ್ರಶ್ನೆಗೆ ಜಾವಾ ಬರಬೇಕಾಗಿಲ್ಲ.