ರೋಗನಿರೋಧಕ ಶಕ್ತಿ: ಹೆಚ್ಚಿದಷ್ಟೂ ಒಳಿತೇ?

"ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ" ಎಂಬ ಜಾಹೀರಾತು ಕನ್ನಡದಲ್ಲೂ ಮಲೆಯಾಳದಲ್ಲೂ ದಿನಬೆಳಗಾದರೆ ಕಾಣಸಿಗುತ್ತದೆ. ಪುಡಿ, ಲೇಹ್ಯ, ಮಾತ್ರೆಗಳಿಗೆ ಹಣ ಸುರಿಯುವವರು ನಮ್ಮಲ್ಲೂ ಕಡಿಮೆಯಿಲ್ಲ. ಆದರೆ ಈ ಶಕ್ತಿ ಹೆಚ್ಚಿದಷ್ಟೂ ಒಳಿತೆಂಬ ನಂಬಿಕೆಯೇ ಸರಿಯಲ್ಲ. 2025ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದ ಸಂಶೋಧನೆಯಿಂದ ಇದು ಮನದಟ್ಟಾಗುತ್ತದೆ.

ರಕ್ತದಲ್ಲಿರುವ ಟಿ ಜೀವಕೋಶಗಳು ರೋಗಾಣುಗಳೊಡನೆ ಹೋರಾಡುವ ಸೈನಿಕರು. ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಅವು ಪಳಗುತ್ತವೆ. ಸ್ವಂತ ಶರೀರದ ಮೇಲೆಯೇ ಎರಗಬಲ್ಲ ಕೋಶಗಳು ಬಹುಪಾಲು ಅಲ್ಲಿಯೇ ನಾಶವಾಗುತ್ತವೆ. ಆದರೂ ಕೆಲವು ತಪ್ಪಿಸಿಕೊಂಡು ಹೊರಬೀಳುತ್ತವೆ. ಅವುಗಳನ್ನು ತಡೆಯುವವರಾರು?

ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಉತ್ತರ ಕೊಟ್ಟರು. ಟಿ ಕೋಶಗಳಲ್ಲಿ ಒಂದು ಸಣ್ಣ ಗುಂಪನ್ನು ಬೇರ್ಪಡಿಸಿ, ಉಳಿದವನ್ನು ಟಿ ಕೋಶಗಳಿಲ್ಲದ ಇಲಿಗಳಿಗೆ ಸೇರಿಸಿದಾಗ ಥೈರಾಯ್ಡ್, ಜಠರ ಮೊದಲಾದ ಅಂಗಗಳಿಗೆ ರೋಗ ತಗಲಿತು. ಆ ಗುಂಪನ್ನೂ ಕೂಡಿಸಿದಾಗ ರೋಗ ಬರಲಿಲ್ಲ. ಇವೇ ನಿಯಂತ್ರಕ ಕೋಶಗಳು. ಇಂಥವು ಇವೆಯೆಂಬ ವಿಚಾರವನ್ನು ಅದಾಗಲೇ ಬಹುಮಂದಿ ವಿಜ್ಞಾನಿಗಳು ಕೈಬಿಟ್ಟಿದ್ದರು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಇಬ್ಬರೂ ಫಾಕ್ಸ್‌ಪಿ3 ಎಂಬ ಜೀನನ್ನು ಗುರುತಿಸಿದರು. ಅದು ಕೆಟ್ಟರೆ ಗಂಡುಶಿಶುಗಳಿಗೆ ಎಳವೆಯಲ್ಲೇ ಘೋರ ರೋಗ ಬರುತ್ತದೆ. ನಿಯಂತ್ರಕ ಕೋಶಗಳಿಗೆ ಈ ಜೀನೇ ಆಧಾರವೆಂದು 2003ರಲ್ಲಿ ಸಿದ್ಧವಾಯಿತು.

ಮಕ್ಕಳನ್ನು ಕಾಡುವ ಒಂದನೆಯ ಬಗೆಯ ಸಕ್ಕರೆ ಕಾಯಿಲೆ, ರುಮಟಾಯ್ಡ್ ಸಂಧಿವಾತ ಇವೆಲ್ಲ ನಿರೋಧಕ ಶಕ್ತಿ ಕಡಿಮೆಯಾಗಿ ಬಂದವಲ್ಲ, ದಾರಿ ತಪ್ಪಿ ಬಂದವು. ಇಂಥ ಸಂಧಿವಾತಕ್ಕೆ ವೈದ್ಯರು ಕೊಡುವ ಮದ್ದು ಆ ಶಕ್ತಿಯನ್ನು ತಗ್ಗಿಸುವಂಥದು. ನೆರೆಯವರ ಮಾತು ಕೇಳಿ ಅದನ್ನು ಬಿಟ್ಟು ಪುಡಿಯ ಮೊರೆಹೊಕ್ಕರೆ ಕೀಲುಗಳೇ ಕೆಟ್ಟಾವು. ಹಾಗೆಂದು ನಿಯಂತ್ರಣವೂ ಮಿತಿಮೀರಬಾರದು. ಕ್ಯಾನ್ಸರ್ ಗಡ್ಡೆಗಳು ಈ ನಿಯಂತ್ರಕ ಕೋಶಗಳನ್ನೇ ಸುತ್ತ ನೆರೆಸಿಕೊಂಡು ಪಾರಾಗುವುದುಂಟು. ಬೇಕಾದುದು ಸಮತೋಲ.

ಹಾಗಾದರೆ ಲಸಿಕೆಯೂ ಬೇಡವೇ ಎಂದು ಕೇಳುವವರಿದ್ದಾರೆ. ಲಸಿಕೆಯ ರೀತಿಯೇ ಬೇರೆ. ಅದು ಇಂಥದೇ ಶತ್ರುವೆಂದು ಗುರುತು ಹೇಳಿಕೊಡುತ್ತದೆ. ಅದನ್ನು ತಪ್ಪಿಸಬಾರದು.

ಕನ್ನಡದಲ್ಲಿ ವಿಜ್ಞಾನ ಓದುವ ನಮ್ಮ ಮಕ್ಕಳಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ. ಪರೀಕ್ಷೆಗೆಂದು ಓದಿದ್ದನ್ನು ಮನೆಯ ಜಗಲಿಯಲ್ಲೂ ಮಾತನಾಡುವಂತಾಗಬೇಕು. ಪುಡಿಗೆ ಕೊಡುವ ಹಣ ಸೊಪ್ಪು, ಬೇಳೆ, ಹಣ್ಣಿಗೆ ಸಂದರೆ ಲೇಸು.