ಮದ್ದೂರಿನಲ್ಲಿ ಅರ್ಧ ಗಂಟೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿಶ್ವಶಾಂತಿಯ ಮೇಲೋ ಯುವಜನರ ಹೊಣೆಗಾರಿಕೆಯ ಮೇಲೋ ಬರೆಯುವುದು ವಾಡಿಕೆ. ನಾನು ಎತ್ತಿಕೊಂಡಿರುವುದು ಹೋಟೆಲಿನ ತಿಂಡಿಯ ವಿಚಾರ. ಗುರುಗಳು ನಗಬಹುದು, ನಕ್ಕ ಮೇಲೆ ಕೊನೆಯವರೆಗೂ ಓದಬೇಕೆಂದು ನನ್ನ ಬಿನ್ನಹ.

ನಮ್ಮಣ್ಣ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ವರ್ಷಕ್ಕೊಮ್ಮೆ ಹೆಂಡತಿ ಮಗಳೊಡನೆ ರಜೆಗೆ ಬರುತ್ತಾನೆ. ಹಿಂದಿರುಗುವ ದಿನ ಮಂಡ್ಯದ ಪಕ್ಕದ ನಮ್ಮೂರಿನಿಂದ ಬಾಡಿಗೆ ಕಾರಿನಲ್ಲಿ ಎಲ್ಲರೂ ಹೊರಡುತ್ತೇವೆ. ಮಳವಳ್ಳಿಗೆ ಕೊಟ್ಟಿರುವ ಅಕ್ಕ ಬಸ್ಸಿನಲ್ಲಿ ಮದ್ದೂರಿಗೆ ಬಂದು ಕಾಯುತ್ತಾಳೆ. ಅಲ್ಲಿ ಒಂದು ಹೋಟೆಲಿನಲ್ಲಿ ಒಟ್ಟಿಗೆ ಕುಳಿತು ವಡೆ ತಿಂದು ಕಾಫಿ ಕುಡಿಯುವುದು ನಮ್ಮ ಮನೆಯ ಪದ್ಧತಿ.

ಕಳೆದ ಸಲ ಅಣ್ಣ ಹೇಳಿದ: "ಮದ್ದೂರು ಬೇಡ. ಹೊಸ ರಸ್ತೆ ಹಿಡಿದರೆ ಬೇಗ ಸೇರ್ತೀವಿ. ವಿಮಾನ ನಿಲ್ದಾಣದೊಳಗೆ ಎಲ್ಲಾ ತಿಂಡಿಯೂ ಸಿಗುತ್ತೆ."

ಅವ್ವ ಮೆಲ್ಲಗೆ ಕೇಳಿದಳು: "ನಮ್ಗೂ ಸಿಕ್ತದಾ ಮಗ?"

ಅಣ್ಣ ಸುಮ್ಮನಾದ. ಟಿಕೆಟ್ಟು ಇಲ್ಲದವರನ್ನು ನಿಲ್ದಾಣದ ಬಾಗಿಲಲ್ಲೇ ತಡೆಯುತ್ತಾರೆ. ಅಲ್ಲಿ ಗಾಡಿ ನಿಲ್ಲಿಸಲು ಅವಸರ, ಪೆಟ್ಟಿಗೆ ಇಳಿಸಲು ಅವಸರ, ಕಣ್ಣೊರೆಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲ. ಹೀಗಾಗಿ ನಮ್ಮಂಥ ಮನೆಗಳಿಗೆ ನಿಜವಾದ ಬೀಳ್ಕೊಡುಗೆ ನಡೆಯುವುದು ದೇವನಹಳ್ಳಿಯಲ್ಲಲ್ಲ, ಮದ್ದೂರಿನ ಹೋಟೆಲಿನ ಮೇಜಿನ ಸುತ್ತ. ನನ್ನ ವಾದವೆಲ್ಲ ಇಷ್ಟೇ. ಆದರೆ ಇದಕ್ಕೆ ಬಂದಿರುವ ಕುತ್ತು ಸಣ್ಣದಲ್ಲ.

ಮದ್ದೂರು ವಡೆ ಹುಟ್ಟಿದ್ದೇ ಪ್ರಯಾಣಿಕರ ಅವಸರದಿಂದ. ರಾಮಚಂದ್ರ ಬುಧ್ಯ ಎಂಬವರು 1917ರ ಸುಮಾರಿನಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದರಂತೆ. ಒಂದು ದಿನ ಗಾಡಿಯ ಹೊತ್ತಿಗೆ ಪಕೋಡ ಸಿದ್ಧವಾಗದೆ, ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರೆಂದೂ, ಅದೇ ಈ ವಡೆಯಾಯಿತೆಂದೂ ಜನ ಹೇಳುತ್ತಾರೆ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ ಇಷ್ಟೇ ಅದರ ಸಂಪತ್ತು. ಉದ್ದಿನ ವಡೆಯಂತೆ ಬೇಗ ಮೆತ್ತಗಾಗದು. ಪೊಟ್ಟಣ ಕಟ್ಟಿದರೆ ದೂರ ಪ್ರಯಾಣವನ್ನೂ ತಡೆಯುತ್ತದೆ.

ಆಗಿನ ಅವಸರ ಊರಿನಲ್ಲಿ ನಿಂತು ಮುಂದಕ್ಕೆ ಹೋಗುತ್ತಿತ್ತು. ಈಗಿನ ಅವಸರ ಊರಿನ ಹೊರಗೇ ಹಾದುಹೋಗುತ್ತದೆ. ಸುಮಾರು 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಬದಿಗೆ ಸರಿದವು. ಹಳೆಯ ರಸ್ತೆಯ ಹೋಟೆಲಿನವರ, ಎಳನೀರಿನವರ, ಚನ್ನಪಟ್ಟಣದ ಬೊಂಬೆ ಅಂಗಡಿಯವರ ವ್ಯಾಪಾರ ಇಳಿಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರವಿರುವುದು ಇದೇ ಮದ್ದೂರಿನಲ್ಲೆಂದು ಹೊಸ ರಸ್ತೆಯಲ್ಲಿ ಓಡುವ ಎಷ್ಟು ಮಂದಿಗೆ ಗೊತ್ತಾದೀತು?

ಹೊಸ ರಸ್ತೆಯೇ ಬೇಡವೆಂಬ ಹಟ ನನ್ನದಲ್ಲ. ರೋಗಿಯನ್ನು ಹೊತ್ತ ವಾಹನಕ್ಕೆ ಉಳಿದ ಒಂದೊಂದು ನಿಮಿಷವೂ ಒಂದು ಜೀವದ ಬೆಲೆ ಬಾಳುತ್ತದೆ. ನಾನು ಕೇಳುವುದು ಬೇರೆ: ರಜೆ ಮುಗಿಸಿ ಹೊರಟವರು ಉಳಿಸಿದ ಅರ್ಧ ಗಂಟೆಯನ್ನು ಏನು ಮಾಡುತ್ತೇವೆ? ವಿಮಾನ ನಿಲ್ದಾಣದ ಕುರ್ಚಿಯ ಮೇಲೆ ಒಬ್ಬೊಬ್ಬರೇ ಕುಳಿತು ಕಳೆಯುತ್ತೇವೆ. ಅದು ಉಳಿತಾಯವೆ?

ಆ ದಿನ ಅಣ್ಣ ಕಾರನ್ನು ಹಳೆಯ ರಸ್ತೆಗೇ ಬಿಡಿಸಿದ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಅವ್ವ, ಮಕ್ಕಳ ನಡುವೆ ಕುಳಿತಳು. ಮಾಣಿ ಮೊದಲು ಅವಳ ಮುಂದೆಯೇ ತಟ್ಟೆ ಇಟ್ಟ. ವರ್ಷದಲ್ಲಿ ಅವಳು ನಮ್ಮೆಲ್ಲರ ಜೊತೆ ಬಿಸಿಬಿಸಿಯಾಗಿ ತಿನ್ನುವ ತಿಂಡಿ ಅದೊಂದೇ ಎಂದು ನನಗೆ ಆಗ ಹೊಳೆಯಿತು. ನಾಚಿಕೆಯೂ ಆಯಿತು. ಅಣ್ಣನ ಪುಟ್ಟ ಮಗಳು, "ಮನೆಗೆ ಹೋಗೋದು ಎಷ್ಟು ಹೊತ್ತಿಗೆ?" ಎಂದಳು. ಅವಳಿಗೆ ಮನೆಯೆಂದರೆ ದುಬೈ. ಅವ್ವ ಒಂದು ಗಳಿಗೆ ಸುಮ್ಮನಿದ್ದು, ತನ್ನ ವಡೆಯಲ್ಲಿ ಅರ್ಧ ಮುರಿದು ಅವಳ ಕೈಗಿತ್ತು, "ಇದು ತಿಂದ್ಮೇಲೆ, ಕಂದ" ಎಂದಳು.

ಹೊರಡುವಾಗ ಅಣ್ಣ ವಡೆಯ ಪೊಟ್ಟಣ ಕಟ್ಟಿಸಿದ. ಚಟ್ನಿ ಕಟ್ಟಿಸಲಿಲ್ಲ. ಕೈಚೀಲದಲ್ಲಿ ನೀರು ಪದಾರ್ಥ ನೂರು ಮಿಲಿಲೀಟರಿಗಿಂತ ಹೆಚ್ಚು ಒಯ್ಯುವಂತಿಲ್ಲವಲ್ಲ! ವಡೆ ವಿಮಾನ ಹತ್ತೀತು, ಕಾಯಿಚಟ್ನಿ ಹತ್ತದು. ಕೆಲವನ್ನು ಊರಿನಲ್ಲೇ ಕುಳಿತು, ಊರಿನವರೊಡನೆಯೇ ತಿನ್ನಬೇಕು.

ಆದ್ದರಿಂದ ಸಹಪಾಠಿಗಳೇ, ನಮ್ಮಲ್ಲಿ ಅನೇಕರು ನಾಳೆ ದೂರದೇಶಗಳಿಗೆ ಹೋಗುವವರು. ಹಿಂದಿರುಗುವ ದಿನ ಅರ್ಧ ಗಂಟೆ ಮುಂಚೆ ಹೊರಡಿ. ಹಳೆಯ ರಸ್ತೆ ಹಿಡಿಯಿರಿ. ಬೀಳ್ಕೊಡಲು ಬಂದವರನ್ನು ಮೊದಲು ಕೂರಿಸಿ, ಆಮೇಲೆ ನೀವು ಕುಳಿತುಕೊಳ್ಳಿ.

— ದ್ವಿತೀಯ ಬಿ.ಎ. ವಿದ್ಯಾರ್ಥಿನಿ