ಟ್ಯಾಕ್ಸ್ ಇಳೀತಂತೆ, ನಮ್ಮ ಕೂಲಿ ಯಾವಾಗ ಏರ್ತದೆ?

ದೀಪಾವಳಿ ಮುಗೀತು. ಗುಮಟಾಪುರದಲ್ಲಿ ಗೊರೆಹಬ್ಬವೂ ಮುಗೀತು. ಹಬ್ಬದ ಉದ್ದಕ್ಕೂ ಟಿವಿಯಲ್ಲಿ, ಮೊಬೈಲಲ್ಲಿ ಒಂದೇ ಮಾತು: ಜಿಎಸ್‌ಟಿ ಇಳೀತು, ದೇಶಕ್ಕೆಲ್ಲ ಉಡುಗೊರೆ ಸಿಕ್ತು. ಅದಕ್ಕೂ ಮುಂಚೆ ಫೆಬ್ರುವರಿಯಲ್ಲಿ ಇನ್ನೊಂದು ಸುದ್ದಿ ಬಂದಿತ್ತು, ವರ್ಷಕ್ಕೆ 12 ಲಕ್ಷದವರೆಗೂ ಆದಾಯ ತೆರಿಗೆ ಇಲ್ಲ ಅಂತ. ನೂರು ದಿನದ ಕೆಲಸಕ್ಕೆ ಹೋಗಿ ಬಂದ ನಮ್ಮ ಅವ್ವಂದಿರು ಇದನ್ನೆಲ್ಲ ಕೇಳಿಸಿಕೊಂಡು "ಅದ್ರಲ್ಲಿ ನಮ್ಗೆ ಯಾನ ಬಂತು ಮಗ?" ಅಂದರೆ ನಾವು ಏನು ಹೇಳೋದು? ಉತ್ತರ ಗೊತ್ತಿಲ್ಲದೆ ಸುಮ್ಮನಿರೋದಕ್ಕಿಂತ ಒಂದು ಸಲ ಲೆಕ್ಕ ಹಾಕಿ ನೋಡೋಣ.

ಮೊದಲು ನಮ್ಮ ಕೂಲಿ. ಈ ವರ್ಷ, ಅಂದರೆ 2025–26ಕ್ಕೆ, ನೂರು ದಿನದ ಕೆಲಸಕ್ಕೆ ತಮಿಳುನಾಡಿನಲ್ಲಿ ಗೊತ್ತು ಮಾಡಿರೋ ದಿನಗೂಲಿ 336 ರೂಪಾಯಿ. ಗಡಿ ದಾಟಿ ಚಾಮರಾಜನಗರ ತಾಲ್ಲೂಕಿಗೆ ಕಾಲಿಟ್ಟರೆ ಅದೇ ಕೆಲಸಕ್ಕೆ 370 ರೂಪಾಯಿ. ಅದೇ ಗುದ್ದಲಿ, ಅದೇ ಬಿಸಿಲು, ಅದೇ ಮಣ್ಣು. ಬದು ಒಂದು, ಆಚೆಗೂ ಈಚೆಗೂ 34 ರೂಪಾಯಿ ಫರಕು. ನೂರು ದಿನ ಪೂರ್ತಿ ಕೆಲಸ ಸಿಕ್ಕರೆ ಒಬ್ಬರಿಗೆ ವರ್ಷಕ್ಕೆ 3,400 ರೂಪಾಯಿ ಕಮ್ಮಿ. ಅಳತೆ ಲೆಕ್ಕದಲ್ಲಿ ಕೂಲಿ ಕಟ್ಟೋದರಿಂದ ಆ 336 ಕೂಡ ಎಷ್ಟೋ ಸಲ ಪೂರ್ತಿ ಕೈಗೆ ಬರೋದಿಲ್ಲ, ಅದು ಬೇರೆ ಮಾತು.

ಈ ಫರಕು ಹಿಂದಿನಿಂದ ಇದ್ದದ್ದೇ ಅಲ್ಲವಾ ಅನ್ನಬಹುದು. ಇತ್ತು. ಆದರೆ 2021–22ರಲ್ಲಿ ಅಲ್ಲಿ 289, ಇಲ್ಲಿ 273. ಆವಾಗ ಫರಕು 16 ರೂಪಾಯಿ. ನಾಲ್ಕೇ ವರ್ಷದಲ್ಲಿ ಎರಡರಷ್ಟು ದಾಟಿದೆ.

ಸಾಮಾನಿನ ಬೆಲೆಯಲ್ಲಿ ಇಂಥ ಫರಕು ಏನಾದರೂ ಇದೆಯಾ? ನಮಗೆ ಸಂತೆ, ಬಟ್ಟೆ, ಔಷಧಿ, ಬೀಜ ಎಲ್ಲಕ್ಕೂ ಹತ್ತಿರದ ಊರು ಚಾಮರಾಜನಗರ. ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು ನೂರು ಕಿಲೋಮೀಟರ್ ಮೇಲೆ ಹೋಗಬೇಕು. ಕೆಳಗಿಂದ ಬರೋ ಸಾಮಾನಿಗೆ ಘಾಟಿ ಹತ್ತಿಸಿದ ಬಾಡಿಗೆಯೂ ಸೇರ್ತದೆ. ಖರ್ಚು ಮಾಡೋದು ಕರ್ನಾಟಕದ ರೇಟಿಗೆ, ಕೂಲಿ ತಗೊಳ್ಳೋದು ತಮಿಳುನಾಡಿನ ರೇಟಿಗೆ. ಗಡಿಯಲ್ಲಿ ಬದುಕೋದು ಅಂದರೆ ಇದು.

ಈಗ ಟ್ಯಾಕ್ಸಿನ ಕಡೆ ಬರೋಣ. 12 ಲಕ್ಷ ಆದಾಯ ಇರೋನಿಗೆ ಈ ವರ್ಷದ ಬಜೆಟ್ಟಿನಿಂದ ಉಳಿಯೋದು 80,000 ರೂಪಾಯಿ. ಅದು ನಮ್ಮ 238 ದಿನದ ಕೂಲಿ. ನಮಗೆ ವರ್ಷಕ್ಕೆ ಸಿಗೋ ಕೆಲಸವೇ ಹೆಚ್ಚೆಂದರೆ ನೂರು ದಿನ, ಪೂರ್ತಿ ಮಾಡಿದರೆ 33,600 ರೂಪಾಯಿ. ಇದೇ ಕೂಲಿಯಲ್ಲಿ 12 ಲಕ್ಷ ಕಾಣಬೇಕಾದರೆ 35 ವರ್ಷ ದುಡಿದರೂ ಸಾಲದು. ಆದಾಯ ತೆರಿಗೆ ಕಟ್ಟೋನಿಗೆ ತಾನೆ ಆದಾಯ ತೆರಿಗೆ ಇಳಿಯೋದು? ನಮ್ಮ ಬೆಟ್ಟದಲ್ಲಿ ಅಂಥವರು ಎಷ್ಟು ಮನೆ ಇದ್ದಾರೆ ಅಂತ ಬೆರಳಲ್ಲಿ ಎಣಿಸಬಹುದು.

ಈ ರಿಯಾಯಿತಿಯಿಂದ ಸರ್ಕಾರ ಬಿಟ್ಟುಕೊಡೋ ಹಣ ಸುಮಾರು 1 ಲಕ್ಷ ಕೋಟಿ ಅಂತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಬಜೆಟ್ ಭಾಷಣದಲ್ಲಿ ಹೇಳಿದರು. ಅದೇ ಬಜೆಟ್ಟಿನಲ್ಲಿ ಇಡೀ ದೇಶದ ಉದ್ಯೋಗ ಖಾತ್ರಿಗೆ ಇಟ್ಟ ಹಣ 86,000 ಕೋಟಿ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು 30ರಿಂದ 22 ಪರ್ಸೆಂಟಿಗೆ ಇಳಿಸಿದಾಗ ಬಿಟ್ಟದ್ದು ವರ್ಷಕ್ಕೆ 1.45 ಲಕ್ಷ ಕೋಟಿ. ಮಧ್ಯಮ ವರ್ಗದವರಿಗೆ ನಾಲ್ಕು ಕಾಸು ಉಳಿದರೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ನಮ್ಮ ಹುಡುಗರೂ ನಾಳೆ ಬೆಂಗಳೂರಲ್ಲಿ ಒಳ್ಳೆ ಸಂಬಳ ತಗೊಳ್ಳಲಿ. ಆದರೆ ಅವರಿಗೆ ಬಿಡೋಕೆ ಲಕ್ಷ ಕೋಟಿ ಸಿಗ್ತದೆ, ಕೂಲಿಗೆ ಮಾತ್ರ ಈ ವರ್ಷ ಸಿಕ್ಕಿದ್ದು ದಿನಕ್ಕೆ 17 ರೂಪಾಯಿ ಏರಿಕೆ. ನಾವು ಕೇಳ್ತಿರೋದು ಇದನ್ನ.

ಜಿಎಸ್‌ಟಿ ಹಾಗಲ್ಲ, ಅದನ್ನ ಬಡವರೂ ಕಟ್ತಾರೆ, ಅದು ಇಳಿದದ್ದು ಒಳ್ಳೇದೇ. ಸೆಪ್ಟೆಂಬರ್ 22ರಿಂದ ಸೋಪು, ಪೇಸ್ಟು, ತಲೆಗೆ ಹಚ್ಚೋ ಎಣ್ಣೆ, ಬಿಸ್ಕೆಟ್ಟಿನ ಮೇಲೆ 18 ಇದ್ದದ್ದು 5 ಆಯ್ತು. ಟ್ರ್ಯಾಕ್ಟರು, ಡ್ರಿಪ್ಪು 12ರಿಂದ 5ಕ್ಕೆ ಬಂದವು. ಸಿಮೆಂಟು, ಚಿಕ್ಕ ಬೈಕು 28ರಿಂದ 18ಕ್ಕೆ. ಮಕ್ಕಳ ನೋಟ್‌ಬುಕ್ಕಿಗೆ ಟ್ಯಾಕ್ಸೇ ಇಲ್ಲ. ಇದನ್ನ ಇಲ್ಲ ಅನ್ನೋದು ಸುಳ್ಳಾಗ್ತದೆ.

ಆದರೆ ಕೂಲಿ ಮನೆಗೆ ಎಷ್ಟು ಉಳೀತು? ತಿಂಗಳಿಗೆ 500 ರೂಪಾಯಿ ಸೋಪು, ಪೇಸ್ಟು, ಎಣ್ಣೆಗೆ ಖರ್ಚಾಗ್ತದೆ ಅಂತ ಇಟ್ಟುಕೊಳ್ಳಿ. ಅಂಗಡಿಯವರು, ಕಂಪನಿಯವರು ಒಂದು ಪೈಸೆ ಮುಚ್ಚಿಡದೆ ಇಳಿಸಿದರೂ ಉಳಿಯೋದು 55 ರೂಪಾಯಿ. ಗಡಿಯಾಚೆ ಈಚೆ ಕೂಲಿಯಲ್ಲಿ ನಾವು ಎರಡು ದಿನಕ್ಕೆ ಕಳಕೊಳ್ಳೋದು 68 ರೂಪಾಯಿ! ಬಿಡಿ ಅಕ್ಕಿ, ಬೇಳೆ, ತರಕಾರಿಗೆ ಮೊದಲೂ ಜಿಎಸ್‌ಟಿ ಇರಲಿಲ್ಲ, ಹಾಗಾಗಿ ಅಲ್ಲಿ ಇಳಿಯೋಕೆ ಏನೂ ಇಲ್ಲ. ಆಲೂಗಡ್ಡೆಗೂ ಕೋಸಿಗೂ ಹೊಡೆಯೋ ರಾಸಾಯನಿಕ ಔಷಧಿಗೆ 18 ಹಾಗೇ ಇದೆ. ಮೊಬೈಲ್ ರೀಚಾರ್ಜಿಗೂ 18 ಹಾಗೇ ಇದೆ. ಪೆಟ್ರೋಲು ಡೀಸೆಲ್ಲು ಜಿಎಸ್‌ಟಿ ಒಳಗೇ ಬಂದಿಲ್ಲ.

ಪೆಟ್ರೋಲಿನ ಮಾತು ಬಂದದ್ದಕ್ಕೆ ಒಂದು ನ್ಯಾಯದ ಮಾತು ಹೇಳಬೇಕು. ತಮಿಳುನಾಡು ಸರ್ಕಾರ 2021ರ ಆಗಸ್ಟಿನಲ್ಲಿ ಪೆಟ್ರೋಲ್ ಮೇಲೆ ಲೀಟರಿಗೆ 3 ರೂಪಾಯಿ ತೆರಿಗೆ ಇಳಿಸಿತು. ಅದು ದಿನಾ ಬೈಕಿನಲ್ಲಿ ಕೆಲಸಕ್ಕೆ ಹೋಗೋನಿಗೆ ನೇರವಾಗಿ ಸಿಕ್ಕಿದ ರಿಯಾಯಿತಿ. ಕರ್ನಾಟಕ ಸರ್ಕಾರ 2024ರ ಜೂನಿನಲ್ಲಿ ಪೆಟ್ರೋಲು ಡೀಸೆಲ್ಲು ಎರಡಕ್ಕೂ ಮಾರಾಟ ತೆರಿಗೆ ಏರಿಸಿತು. ಭಾಷೆ ನಮ್ಮದು ಅಂದ ಮಾತ್ರಕ್ಕೆ ಆ ಕಡೆಯದೆಲ್ಲ ಸರಿ, ಈ ಕಡೆಯದೆಲ್ಲ ತಪ್ಪು ಅಂತ ನಾವು ಹೇಳೋದಿಲ್ಲ. ತೆರಿಗೆ ಯಾರಿಗೆ ಇಳಿದರೂ ಅದರ ಫಲ ಕೊನೆಗೆ ಯಾರ ಕೈಗೆ ಹೋಯ್ತು ಅಂತ ನೋಡಬೇಕು, ಅಷ್ಟೆ.

ಹಾಗಾದರೆ ಈ 34 ರೂಪಾಯಿಗೆ ಯಾರು ಹೊಣೆ? ನೂರು ದಿನದ ಕೂಲಿ ಗೊತ್ತು ಮಾಡೋದು ಕೇಂದ್ರ ಸರ್ಕಾರ. ಹಿಂದಿನ ವರ್ಷದ ದರಕ್ಕೆ ಆಯಾ ರಾಜ್ಯದ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ನೋಡಿ ಒಂದಿಷ್ಟು ಸೇರಿಸ್ತಾರೆ. ಮೊದಲೇ ಕಮ್ಮಿ ಇದ್ದ ದರ ಹಾಗೇ ಹಿಂದೆ ಉಳೀತದೆ. ಈ ವರ್ಷದ ಕೂಲಿವರೆಗೂ ನೋಡಿದ ಸೂಚ್ಯಂಕ 1986–87ನ್ನು ಆಧಾರ ವರ್ಷ ಮಾಡಿಕೊಂಡದ್ದು. ಇದನ್ನ ಓದ್ತಿರೋ ಬಹುತೇಕರು ಆಗ ಹುಟ್ಟೇ ಇರಲಿಲ್ಲ. ರೀಚಾರ್ಜ್ ಅನ್ನೋ ಖರ್ಚೂ ಹುಟ್ಟಿರಲಿಲ್ಲ.

ಹಾಗಂತ ಚೆನ್ನೈ ಕೈ ತೊಳೆದುಕೊಳ್ಳೋ ಹಾಗಿಲ್ಲ. ಕೇಂದ್ರದ ದರದ ಮೇಲೆ ರಾಜ್ಯ ತನ್ನ ಹಣ ಸೇರಿಸಿ ಕೊಡಬಹುದು. ಒಡಿಶಾ ಸರ್ಕಾರ ಬಲಾಂಗೀರ್, ನುವಾಪಡಾದಂಥ ವಲಸೆ ಹೆಚ್ಚಿರೋ ಜಿಲ್ಲೆಗಳ ಬ್ಲಾಕುಗಳಲ್ಲಿ ಹಾಗೆ ಕೊಟ್ಟಿತ್ತು. ತಿರುಪ್ಪೂರಿಗೆ, ಬೆಂಗಳೂರಿಗೆ ಹುಡುಗರನ್ನ ಕಳಿಸೋ ನಮ್ಮ ಬೆಟ್ಟಕ್ಕೆ ಯಾಕೆ ಕೊಡಬಾರದು? 2021ರ ಚುನಾವಣೆಯಲ್ಲಿ ಡಿಎಂಕೆ ನೂರು ದಿನವನ್ನ 150 ದಿನ ಮಾಡ್ತೀವಿ ಅಂತ ಪ್ರಣಾಳಿಕೆಯಲ್ಲೇ ಬರೆದಿತ್ತು. ಈ ವರ್ಷದ ಮಾರ್ಚಿನಲ್ಲಿ ಕೇಂದ್ರ 4,034 ಕೋಟಿ ಕೂಲಿ ಬಾಕಿ ಇಟ್ಟಿದೆ ಅಂತ ಅದೇ ಪಕ್ಷ ಬೀದಿಗಿಳಿದು ಹೋರಾಟ ಮಾಡಿತು, ಅದು ಸರಿಯೇ. ಆದರೆ 150 ದಿನ ಎಲ್ಲಿ? 2026ಕ್ಕೆ ಮತ್ತೆ ಓಟು ಕೇಳೋಕೆ ಬರ್ತಾರೆ. ಯಾವ ಪಕ್ಷದ ಬಾವುಟ ಹಿಡಿದು ಬಂದರೂ ಮೊದಲು ಈ ಎರಡು ಪ್ರಶ್ನೆ ಕೇಳಿ: ದಿನ ಎಷ್ಟು, ಕೂಲಿ ಎಷ್ಟು?

ಇದು ತಮಿಳರ ಮೇಲಿನ ಜಗಳ ಅಲ್ಲ. ಘಾಟಿ ಕೆಳಗೆ ಸತ್ಯಮಂಗಲದಲ್ಲಿ ಗುದ್ದಲಿ ಹಿಡಿಯೋ ತಮಿಳು ಅಕ್ಕನಿಗೂ ಇದೇ 336. ಆದರೆ ನಮಗೆ ಇನ್ನೊಂದು ಕಷ್ಟ ಜಾಸ್ತಿ ಇದೆ. ಕೂಲಿ ದರ, ಹಾಜರಿ, ಅರ್ಜಿ, ನೋಟೀಸು ಎಲ್ಲ ತಮಿಳಿನಲ್ಲೇ. ಓದೋಕೆ ಬರದ ಕಾಗದಕ್ಕೆ ನಮ್ಮ ಅವ್ವ ಹೆಬ್ಬೆಟ್ಟು ಒತ್ತಿ ಬರ್ತಾಳೆ. ತನಗೆ ಎಷ್ಟು ಬರಬೇಕು ಅನ್ನೋದೇ ಗೊತ್ತಿಲ್ಲದ ಮೇಲೆ ಕಮ್ಮಿ ಬಂತು ಅಂತ ಕೇಳೋದು ಹೇಗೆ? ನಮಗೆ ಭಾಷೆಯ ಹಕ್ಕು ಬೇರೆ, ಕೂಲಿಯ ಹಕ್ಕು ಬೇರೆ ಅಲ್ಲ.

ಕಾನೂನು ನಮ್ಮ ಕಡೆ ಇದೆ. ಸಂವಿಧಾನದ 350ನೇ ವಿಧಿ ಪ್ರಕಾರ ನಮ್ಮ ಕುಂದುಕೊರತೆಯನ್ನ ಯಾವ ಅಧಿಕಾರಿಗಾದರೂ ಕನ್ನಡದಲ್ಲೇ ಬರೆದು ಕೊಡಬಹುದು. ಭಾಷಾ ಅಲ್ಪಸಂಖ್ಯಾತರು ಶೇಕಡ 15–20 ಇರೋ ಕಡೆ ಮುಖ್ಯ ಸರ್ಕಾರಿ ನೋಟೀಸು ಅವರ ಭಾಷೆಯಲ್ಲೂ ಇರಬೇಕು ಅಂತ 1956ರಲ್ಲೇ ಕೇಂದ್ರ ಹೇಳಿದೆ. ತಾಳವಾಡಿಯಲ್ಲಿ ನಾವು ಬಹುಸಂಖ್ಯಾತರು. ಕೆಲಸ ಕೇಳಿ 15 ದಿನದಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಇದೆ. ಅದಕ್ಕೇ ಅರ್ಜಿ ಬಾಯಿಮಾತಲ್ಲಿ ಬೇಡ, ಬರೆದು ಕೊಟ್ಟು ರಸೀತಿ ಇಸ್ಕೊಳ್ಳಿ.

ನವೆಂಬರ್ 1 ಬರ್ತಾ ಇದೆ. ನಮಗೆ ಅದು ರಾಜ್ಯೋತ್ಸವ. ತಮಿಳುನಾಡು ಸರ್ಕಾರಕ್ಕೆ 2022ರಿಂದ ಅದು ಸ್ಥಳೀಯಾಡಳಿತ ದಿನ, ಗ್ರಾಮಸಭೆ ಸೇರೋ ದಿನ. ಪಂಚಾಯ್ತಿ ಸದಸ್ಯರ ಅವಧಿ ಜನವರಿಯಲ್ಲೇ ಮುಗಿದು ಈಗ ವಿಶೇಷಾಧಿಕಾರಿಗಳು ನಡೆಸ್ತಿದ್ದಾರೆ. ಕೇಳೋಕೆ ಮೆಂಬರ್ ಇಲ್ಲದ ಹೊತ್ತಲ್ಲಿ ಊರೇ ಕೇಳಬೇಕು. ಬೆಳಿಗ್ಗೆ ಬಾವುಟ ಹಾರಿಸಿ, ಫೋಟೋ ತೆಗೆದು ಸ್ಟೇಟಸ್ ಹಾಕಿ, ಬೇಡ ಅನ್ನಲ್ಲ. ಆಮೇಲೆ ಅವ್ವನನ್ನೂ ಚಿಕ್ಕಮ್ಮನನ್ನೂ ಕರಕೊಂಡು ಗ್ರಾಮಸಭೆಗೆ ಹೋಗಿ. ಈ ಮೂರು ಮಾತನ್ನ ಕನ್ನಡದಲ್ಲಿ ಬರೆದು, ಸಹಿ ಹಾಕಿಸಿ, ನಿರ್ಣಯದ ಪುಸ್ತಕಕ್ಕೆ ಸೇರಿಸೋಕೆ ಹೇಳಿ:

1. ನೂರು ದಿನದ ಕೆಲಸದ ಕೂಲಿ ನೆರೆಯ ಚಾಮರಾಜನಗರಕ್ಕೆ ಸಮ ಆಗಬೇಕು. ಕೇಂದ್ರ ಏರಿಸೋವರೆಗೂ ಫರಕಿನ ಹಣ ರಾಜ್ಯ ಕೊಡಬೇಕು.

2. ಕೆಲಸದ ಜಾಗದಲ್ಲಿ ಕೂಲಿ ದರ, ಅಳತೆ, ಹಾಜರಿಯ ಬೋರ್ಡು ಕನ್ನಡದಲ್ಲೂ ಇರಬೇಕು.

3. ಕೆಲಸ ಕೇಳೋ ಅರ್ಜಿ ಕನ್ನಡದಲ್ಲಿ ಕೊಟ್ಟರೂ ತಗೊಂಡು ರಸೀತಿ ಕೊಡಬೇಕು.

ಬರೆಯೋಕೆ ಬಾರದವರಿಗೆ ಓದಿದ ಮಕ್ಕಳು ಬರೆದುಕೊಡಿ. ಹತ್ತು ನಿಮಿಷದ ಕೆಲಸ. ನಮ್ಮನ್ನ ಕನ್ನಡದಲ್ಲಿ ಓದಿಸಿದ್ದು ಆ ಕೂಲಿ ಹಣ. ಅದೇ ಕನ್ನಡ ಒಂದು ದಿನ ಅವರ ಕೂಲಿ ಕೇಳೋಕೆ ಬಳಕೆಯಾಗಲಿ.